ತೊಟ್ಟಿಯೊಳಗಿನ ನೆರೆಹೊರೆ

ನಿವೃತ್ತಿಯ ನಂತರ ನನಗೆ ದೊರೆತ ತರಗತಿಯೆಂದರೆ ಪಡಸಾಲೆಯಲ್ಲಿರುವ ಎರಡೂವರೆ ಅಡಿಯ ಗಾಜಿನ ತೊಟ್ಟಿ. ತುಂಗಭದ್ರೆಯ ದಡದ ನಾಗಲದಿನ್ನೆಯಲ್ಲಿ ಮೀನೆಂದರೆ ಬಲೆಗೆ ಬೀಳುವ ವಸ್ತು; ಅದನ್ನು ಸಾಕಿ ನೋಡುತ್ತ ಕೂರುವ ಮುದುಕನನ್ನು ಕಂಡು ನೆರೆಯವರು ನಗುವುದುಂಟು.

ಸಿಕ್ಲಿಡ್ ಮೀನುಗಳದು ದೊಡ್ಡ ಕುಲ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯಾ, ಅಂದರೆ ಜಿಲೇಬಿ ಮೀನು, ಈ ಕುಲದ್ದೇ. ನಮ್ಮ ದೇಶದ ಸ್ವಂತ ಸಿಕ್ಲಿಡ್‌ಗಳು ಮೂರೇ. ಅವುಗಳಲ್ಲೊಂದು ದಕ್ಷಿಣ ಕನ್ನಡದ ನೇತ್ರಾವತಿಯ ನಿವಾಸಿ. ನನ್ನ ತೊಟ್ಟಿಯಲ್ಲಿರುವುದು ಎರಡು ಅಂಗುಲದ ಕುಬ್ಜ ಜಾತಿ, ಒರಿನೋಕೊ ನದೀ ಪ್ರದೇಶದ 'ರಾಮ್'. ಹೆಸರು ಕೇಳಿ ಕೈಮುಗಿಯುವವರಿದ್ದಾರೆ; ಅದು ರಾಮಿರೆಸ್ ಎಂಬ ಮೀನು ಸಂಗ್ರಾಹಕನ ಹೆಸರಿನ ತುಣುಕು.

ಇವು ಸ್ವಭಾವತಃ ಸೌಮ್ಯ. ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆಯಿಟ್ಟೊಡನೆ ಮಾತ್ರ ಗಂಡುಹೆಣ್ಣುಗಳೆರಡೂ ಕಾವಲು ನಿಂತು, ತಮಗಿಂತ ದೊಡ್ಡ ಮೀನನ್ನೂ ಅಟ್ಟುತ್ತವೆ. ಅದು ದುಷ್ಟತನವಲ್ಲ, ತಾಯ್ತಂದೆಯರ ಧರ್ಮ. ಮೇಲ್ನೀರಿನಲ್ಲಿ ಈಜುವ ಪುಟ್ಟ ಟೆಟ್ರಾಗಳೊಡನೆ ಇವುಗಳಿಗೆ ಹೊಂದಿಕೆಯಾಗುತ್ತದೆ. ರೆಕ್ಕೆ ಕಚ್ಚುವ ಟೈಗರ್ ಬಾರ್ಬ್ ಸಲ್ಲದು. ಅಲ್ಲಲ್ಲಿ ಬೋರಲು ಹಾಕಿದ ತೆಂಗಿನ ಚಿಪ್ಪು, ನಡುವೆ ದೃಷ್ಟಿ ತಡೆಯುವ ಗಿಡ ಇದ್ದರೆ ಜಗಳ ಅರ್ಧ ಇಳಿಯುತ್ತದೆ. ಹೊಸ ಮೀನನ್ನು ಬಿಡುವಾಗ ಕಲ್ಲುಗಳ ಸ್ಥಾನ ಬದಲಿಸಬೇಕು. ಆಗ ಯಾರೂ ಹಳೆಯ ಯಜಮಾನರಲ್ಲ. ತಂಟೆಕೋರ ಹುಡುಗರ ಬೆಂಚು ಬದಲಿಸಿದ ನನಗೆ ಇದು ಪರಿಚಿತ ಉಪಾಯ. ಅಡಗಲು ಮರೆಯಿಲ್ಲದ ಮೀನು ಬಣ್ಣಗೆಟ್ಟು ಮೂಲೆ ಸೇರುತ್ತದೆ, ಮೇವು ಬಿಡುತ್ತದೆ.

ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ಈ ಸೀಮೆಯ ಕನ್ನಡಿಗರು ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡುತ್ತ ಬಾಳಿದ್ದೇವೆ. ತೆಲುಗಿನ ನೆರೆ ನಮಗೆಂದೂ ಕೇಡೆನಿಸಿಲ್ಲ. ನಮ್ಮದೆಂಬ ಒಂದು ಚಿಪ್ಪು ಉಳಿದಿದೆಯೇ ಎಂಬುದೇ ನನ್ನ ಚಿಂತೆ.

ಈ ಜೂನ್‌ಗೆ ಮೊಮ್ಮಗಳು ಒಂದನೆಯ ತರಗತಿ ಸೇರಬೇಕು. ಮಗ ಇಂಗ್ಲಿಷ್ ಮಾಧ್ಯಮವೆನ್ನುತ್ತಾನೆ. ಉದ್ಯೋಗದ ಕುರಿತ ಅವನ ಕಳವಳ ಸುಳ್ಳಲ್ಲ. ನಾನು ಕನ್ನಡ ಶಾಲೆಯೆನ್ನುತ್ತೇನೆ. ತೀರ್ಮಾನ ಇನ್ನೂ ಆಗಿಲ್ಲ. ಶಾಲೆ ಯಾವುದಾದರೂ ಆಗಲಿ, ಸಂಜೆಯ ಒಂದು ಗಂಟೆ ಅವಳು ನನ್ನ ಬಳಿ ಕನ್ನಡ ಓದಬೇಕೆಂಬುದಕ್ಕೆ ಮಗ ಒಪ್ಪಿದ್ದಾನೆ. ಸಂಘದ ಬಾಂಧವರಲ್ಲಿ ನನ್ನ ವಿನಂತಿಯೂ ಇಷ್ಟೇ: ಪ್ರತಿ ಮನೆಯಲ್ಲೂ ಅಂಥ ಒಂದು ಗಂಟೆ ಇರಲಿ.