ಎರಡು ರೂಪಾಯಿಯ ಕೂಪನ್ನು

ದೀಪಾವಳಿ ಕಳೆದು ಗದ್ದೆ ಕೊಯ್ಲು ಮುಗಿಯುತ್ತ ಬಂತೆಂದರೆ ನಮ್ಮ ಯುವಕ ಮಂಡಲದ ಸಭೆ ಶಾಲೆಯ ಜಗಲಿಯಲ್ಲಿ ಸೇರುತ್ತಿತ್ತು. ವಾರ್ಷಿಕೋತ್ಸವಕ್ಕೆ ಯಾವ ಮೇಳದ ಆಟ, ಅಧ್ಯಕ್ಷತೆಗೆ ಯಾರು, ಊಟಕ್ಕೆ ಪಾಯಸವೋ ಹೋಳಿಗೆಯೋ, ಅದೆಲ್ಲ ಆಮೇಲೆ. ಮೊದಲು ಏಳುತ್ತಿದ್ದ ಪ್ರಶ್ನೆ ಒಂದೇ: "ಈ ಸಲ ಫಸ್ಟ್ ಪ್ರೈಜ್ ಎಂತ?"

ನಾನು ಮಂಡಲದ ಕೋಶಾಧಿಕಾರಿಯಾದದ್ದು 1983ರಲ್ಲಿ. ಕುಂದಾಪುರದಿಂದ ಘಟ್ಟದ ಕಡೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಒಳಗಿರುವ ಊರು ನಮ್ಮದು. ಮಂಡಲ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿತ್ತು. ಮಹಾಸಭೆ, ಲೆಕ್ಕಪತ್ರ, ಆಡಿಟ್ ಎಲ್ಲ ಕ್ರಮವಾಗಿ ನಡೆಯಬೇಕಿತ್ತು. ಶಾಲೆಯ ಮಕ್ಕಳಿಗೆ ನೋಟ್ ಪುಸ್ತಕ, ವಾಚನಾಲಯಕ್ಕೆ ಪತ್ರಿಕೆ, ಸಾರ್ವಜನಿಕ ಬಾವಿಯ ಹೂಳು ತೆಗೆಸುವುದು, ಕಾಯಿಲೆ ಬಿದ್ದವರಿಗೆ ಮಣಿಪಾಲದ ಆಸ್ಪತ್ರೆಗೆ ಹೋಗಿಬರುವ ಖರ್ಚು: ಇವು ನಮ್ಮ ವರ್ಷದ ಕೆಲಸ. ಸದಸ್ಯರ ಚಂದಾ ಪತ್ರಿಕೆಯ ಬಿಲ್ಲಿಗೇ ಸಾಲುತ್ತಿರಲಿಲ್ಲ. ಉಳಿದದ್ದನ್ನೆಲ್ಲ ತರುತ್ತಿದ್ದುದು ಲಕ್ಕಿಡಿಪ್ಪು.

ಕೂಪನ್ನು ಅಚ್ಚಾಗುತ್ತಿದ್ದುದು ಕುಂದಾಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ. ಮೊಳೆ ಜೋಡಿಸಿ ಟ್ರೆಡಲ್ ಯಂತ್ರದಲ್ಲಿ ಗುಲಾಬಿ ಬಣ್ಣದ ತೆಳು ಕಾಗದದ ಮೇಲೆ ಒತ್ತುವುದು. ಎಡಗಡೆ ನಮ್ಮಲ್ಲಿ ಉಳಿಯುವ ಕೌಂಟರ್‌ಫಾಯಿಲ್, ಬಲಗಡೆ ಕೊಂಡವರಿಗೆ ಕೊಡುವ ಚೀಟಿ, ನಡುವೆ ಹರಿಯಲು ತೂತುಗಳ ಸಾಲು. ನಂಬರು ಹಾಕುವ ಕೆಲಸ ಕೊನೆಗೆ, ಅದೂ ಕೈಯಲ್ಲಿ. ನಂಬರಿಂಗ್ ಮೆಷಿನ್ನಿನ ಪಕ್ಕದಲ್ಲಿ ಒಂದು ಸಣ್ಣ ಮುಳ್ಳು ಇರುತ್ತದೆ. ಅದನ್ನು ಎರಡರ ಗುರುತಿಗೆ ತಂದಿಟ್ಟರೆ ಒಂದೇ ಅಂಕಿ ಎರಡು ಸಲ ಬಿದ್ದು, ಆಮೇಲೆ ಚಕ್ರ ಮುಂದಿನ ಅಂಕಿಗೆ ತಿರುಗುತ್ತದೆ. ಟಕ್, ಎಡಕ್ಕೆ. ಟಕ್, ಬಲಕ್ಕೆ. ಬೆನ್ನಿಗೇ ಒಳಗಿನಿಂದ ಕಿರ್ರೆಂದು ಸಣ್ಣ ಸದ್ದು. ಮುಳ್ಳು ಒಂದು ಗೆರೆ ಜಾರಿದರೂ ಕೆಟ್ಟಿತು: ಮನೆಯವರ ಕೈಯಲ್ಲಿ ಒಂದು ನಂಬರು, ನಮ್ಮ ಡಬ್ಬಿಯಲ್ಲಿ ಇನ್ನೊಂದು. ಅದಕ್ಕೇ ಪುಸ್ತಕಗಳು ಊರಿಗೆ ಬಂದ ರಾತ್ರಿ ನಾನು ಮತ್ತು ಕಾರ್ಯದರ್ಶಿ ಲಾಟೀನಿನ ಬೆಳಕಲ್ಲಿ ಕೂತು ಹಾಳೆ ಹಾಳೆ ತಿರುವಿ ನೋಡುತ್ತಿದ್ದೆವು. ಪುಸ್ತಕಕ್ಕೆ 25 ಹಾಳೆ, ಕೂಪನ್ನಿಗೆ 2 ರೂಪಾಯಿ.

ಆಗಿನ ಮೊದಲ ಬಹುಮಾನ ಎಂದರೆ ಎಚ್‌ಎಂಟಿ ವಾಚು. ಎರಡನೆಯದು ಪ್ರೆಶರ್ ಕುಕ್ಕರು, ಮೂರನೆಯದು ಟಾರ್ಚು. ಆಮೇಲೆ ಸ್ಟೀಲಿನ ಕೊಡಪಾನ, ಛತ್ರಿ, ಬಟ್ಟಲು. ಹೆಚ್ಚಿನವು ಪೇಟೆಯ ಅಂಗಡಿಯವರು, ಊರಿನ ಮೇಷ್ಟ್ರುಗಳು ಕೊಟ್ಟವು. ಬಹುಮಾನಕ್ಕೆಂದು ಮಂಡಲದ ಹಣ ಹೋಗುತ್ತಿದ್ದುದು ತೀರ ಕಡಿಮೆ.

ಮಾರುವುದಕ್ಕೆ ಮನೆ ಮನೆಗೆ ಹೋಗಬೇಕು. ನಮ್ಮಲ್ಲಿ ಮನೆಗಳು ಒತ್ತಾಗಿ ಇರುವುದಿಲ್ಲ. ಒಂದು ತೋಟ ದಾಟಿ, ಸಂಕ ದಾಟಿ, ಗುಡ್ಡ ಹತ್ತಿದರೆ ಇನ್ನೊಂದು ಮನೆ. ಈ ದಾರಿಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಸದಸ್ಯರೇ ಆಗಿದ್ದ ಪಿಗ್ಮಿ ಕಲೆಕ್ಟರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಜನ ಕಳಿಸಿ ಹಣ ಪಡೆಯುವ ಪಿಗ್ಮಿ ಠೇವಣಿ ಶುರುಮಾಡಿತು. ಅದರಿಂದ ನಮ್ಮ ಕಡೆ ಚಿಲ್ಲರೆ ಹಣಕ್ಕೆ ಒಂದು ಮರ್ಯಾದೆ ಬಂತು ಎಂದು ನಾನು ನಂಬುತ್ತೇನೆ. ಯಾವ ಮನೆಯಲ್ಲಿ ಬೀಡಿಯ ಮಜೂರಿ ಯಾವ ದಿನ ಕೈಗೆ ಬರುತ್ತದೆ, ಯಾರ ಮನೆಗೆ ಬೊಂಬಾಯಿಯ ಮನಿಯಾರ್ಡರು ಯಾವಾಗ ಎಂಬುದು ಅವರಿಗೆ ಬಾಯಿಪಾಠ. "ಶನಿವಾರ ಅಲ್ಲಿಗೆ ಹೋಗ್ಬೇಡ, ಮಂಗಳವಾರ ಹೋಗು" ಎಂದು ನನಗೆ ಹೇಳಿಕೊಡುತ್ತಿದ್ದರು.

ಗುಡ್ಡದ ಬುಡದ ಮನೆಯ ಅಜ್ಜಿಯೊಬ್ಬರು ಪ್ರತಿ ವರ್ಷ ಒಂದೇ ಕೂಪನ್ನು ಕೊಳ್ಳುತ್ತಿದ್ದರು. ಬೀಡಿ ಕಟ್ಟುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, ಸೆರಗಿನ ಗಂಟು ಬಿಚ್ಚಿ, ಎರಡು ರೂಪಾಯಿಯ ನೋಟನ್ನು ಮಡಿಕೆ ಬಿಡಿಸಿ ನೇರ ಮಾಡಿ ಕೊಡುವರು. ನಾನು ಹೆಸರು ಬರೆಯಲು ಹೊರಟರೆ ತಡೆಯುವರು: "ನನ್ ಹೆಸ್ರ್ ಬ್ಯಾಡ ಮಗಾ. ಮೊಮ್ಮಗನ್ ಹೆಸ್ರ್ ಬರಿ." ಮೊಮ್ಮಗ ಆಗ ತೊಟ್ಟಿಲಲ್ಲಿದ್ದ. ಬರೆದದ್ದನ್ನು ಓದಿ ಹೇಳಬೇಕು, ಮನೆಯ ಹೆಸರೂ ಸೇರಿ. ಕೇಳಿ ತಲೆಯಾಡಿಸಿ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸುವರು. ಅವರಿಗೆ ಒಮ್ಮೆಯೂ ಬಹುಮಾನ ಬರಲಿಲ್ಲ. ಅದರ ಬಗ್ಗೆ ಒಮ್ಮೆಯೂ ಕೇಳಲೂ ಇಲ್ಲ.

ಇಂಥ ಮನೆಗಳಲ್ಲಿ ಕೂತಾಗಲೇ ನಮಗೆ ಊರು ಗೊತ್ತಾದದ್ದು. ಎರಡು ರೂಪಾಯಿ ಕೇಳಲು ಹೋದವರಿಗೆ ಒಂದು ಲೋಟ ಬೆಲ್ಲ ನೀರು, ಹತ್ತು ನಿಮಿಷದ ಮಾತು. ಹುಡುಗಿ ಏಳನೆಯದಕ್ಕೇ ಶಾಲೆ ಬಿಟ್ಟದ್ದು, ಗಂಡಸು ಮರದಿಂದ ಬಿದ್ದು ಮಲಗಿದ್ದು, ಬೊಂಬಾಯಿಗೆ ಹೋದ ಮಗ ಕಾಗದ ಹಾಕದೆ ವರ್ಷವಾದದ್ದು, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಸಂಜೆ ಹಣ ಎಣಿಸುವಾಗ ಕಾರ್ಯದರ್ಶಿ ಒಂದು ಬೇರೆ ಪುಸ್ತಕದಲ್ಲಿ ಇವನ್ನು ಗುರುತು ಹಾಕಿಕೊಳ್ಳುತ್ತಿದ್ದ. ಆ ವರ್ಷದ ಸಹಾಯದ ಪಟ್ಟಿ ಹುಟ್ಟುತ್ತಿದ್ದುದು ಆ ಪುಸ್ತಕದಿಂದ. ಸಹಾಯ ಬೇಕೆಂದು ಅರ್ಜಿ ಬರೆಯುವ ಜನ ಅವರಲ್ಲ.

ಡ್ರಾ ನಡೆಯುತ್ತಿದ್ದುದು ಆಟದ ರಾತ್ರಿ, ಮೊದಲ ಪ್ರಸಂಗ ಮುಗಿದು ಎರಡನೆಯದು ಶುರುವಾಗುವ ನಡುವೆ. ಚೌಕಿಯಲ್ಲಿ ವೇಷದವರು ಕಿರೀಟ ಬಿಗಿದುಕೊಳ್ಳುತ್ತಿರುವಾಗ ನಾವು ರಂಗಸ್ಥಳದ ಮುಂದೆ ಎಣ್ಣೆ ಡಬ್ಬ ತಂದಿಡುತ್ತಿದ್ದೆವು. ಡಬ್ಬದ ನಡುವೆ ಕಬ್ಬಿಣದ ಸರಳು ತೂರಿಸಿ, ಎರಡು ಕವೆಗಳ ಮೇಲೆ ಇಟ್ಟು ತಿರುಗಿಸುವುದು. ಕೆಳಗಿನ ಬಹುಮಾನದಿಂದ ಮೇಲಕ್ಕೆ. ಕಣ್ಣಿಗೆ ಬಟ್ಟೆ ಕಟ್ಟಿದ ಹುಡುಗಿ ಕೈ ಹಾಕಿ ಚೀಟಿ ತೆಗೆದರೆ, ಮೇಷ್ಟ್ರು ಮೈಕಿನಲ್ಲಿ ಅಂಕಿಗಳನ್ನು ಒಂದೊಂದಾಗಿ ಓದುವರು. ಮೂರನೆಯ ಅಂಕಿಯ ತನಕ ತಮ್ಮದೇ ಎಂದು ಎದ್ದು ನಿಂತವರು ನಾಲ್ಕನೆಯದಕ್ಕೆ ಕೂರುವರು. ಫಲಿತಾಂಶ ಎರಡು ದಿನ ಬಿಟ್ಟು ಉದಯವಾಣಿಯಲ್ಲಿ ಬರುತ್ತಿತ್ತು.

1991ರ ಡ್ರಾ ಮುಗಿದ ಮೂರನೆಯ ದಿನ ನನ್ನ ಹೆಸರಿಗೆ ಬೊಂಬಾಯಿಯಿಂದ ಒಂದು ಲಕೋಟೆ ಬಂತು. ಒಳಗೆ ಒಂದು ಪುಸ್ತಕದ ಇಪ್ಪತ್ತೈದೂ ಕೌಂಟರ್‌ಫಾಯಿಲ್. ಊರಿನ ಹುಡುಗರು ಕೆಲಸಕ್ಕಿದ್ದ ಹೋಟೆಲೊಂದರಲ್ಲಿ ಮಾರಿದ್ದು. ಹಣ ಮನಿಯಾರ್ಡರಿನಲ್ಲಿ ಹದಿನೈದು ದಿನ ಮೊದಲೇ ಬಂದಿತ್ತು. ಹಣ ಬಂದದ್ದನ್ನು ನೋಡಿ ಪುಸ್ತಕವೂ ಬಂದಿದೆ ಎಂದು ನಾನು ಗುರುತು ಹಾಕಿಬಿಟ್ಟಿದ್ದೆ. ಇಪ್ಪತ್ತೈದು ಜನ ಡಬ್ಬದೊಳಗೆ ಇರಲೇ ಇಲ್ಲ. ಆ ದಿನ ನನಗೆ ಊಟ ಸೇರಲಿಲ್ಲ. ಸಭೆ ಕರೆದು ಹೇಳಿದೆ. ಅಧ್ಯಕ್ಷರಾಗಿದ್ದ ಹಿರಿಯರು ಬೈಯಲಿಲ್ಲ. "ದುಡ್ಡು ತೆಗೆದುಕೊಂಡದ್ದು ಹೌದು, ಚೀಟಿ ಹಾಕದ್ದೂ ಹೌದು. ಅವರಿಗೆ ಹೇಳಿ ವಾಪಸು ಕೊಡುವುದೇ ದಾರಿ" ಎಂದರು. 50 ರೂಪಾಯಿ ಮನಿಯಾರ್ಡರು ಮಾಡಿ, ಆದದ್ದನ್ನು ಆದ ಹಾಗೆ ಕಾಗದ ಬರೆದೆ. ತಿಂಗಳೊಳಗೆ 75 ರೂಪಾಯಿ ಬಂತು. ಜೊತೆಗಿದ್ದ ಒಕ್ಕಣೆ ಎರಡೇ ಸಾಲು: ವಾಚನಾಲಯಕ್ಕೆ ಹಾಕಿ, ಮುಂದಿನ ವರ್ಷದ ಪುಸ್ತಕ ಬೇಗ ಕಳಿಸಿ. ಅಂದಿನಿಂದ ಡಬ್ಬ ತಿರುಗಿಸುವ ಮೊದಲು ಒಂದೊಂದು ಪುಸ್ತಕದ ನಂಬರನ್ನೂ ಮೈಕಿನಲ್ಲಿ ಓದಿ, ಬಂದದ್ದು ಇಷ್ಟು, ಮಾರದೆ ಉಳಿದದ್ದು ಇಷ್ಟು ಎಂದು ಹೇಳುವ ಪದ್ಧತಿ ಮಾಡಿದೆ. ಪ್ರೇಕ್ಷಕರಿಗೆ ಬೇಸರ ಬಂದರೂ ಅದನ್ನು ಬಿಡಲಿಲ್ಲ.

ಅಷ್ಟರಲ್ಲಿ ಬಹುಮಾನಗಳು ಬೆಳೆಯತೊಡಗಿದ್ದವು. ಹೊಳೆಯಾಚೆಯ ಮಂಡಲದವರು ಸೈಕಲ್ಲು ಇಟ್ಟರೆ ನಾವು ಗ್ರೈಂಡರು, ಅವರು ಕಪ್ಪು ಬಿಳುಪು ಟಿವಿ ಇಟ್ಟರೆ ನಾವು ಬಣ್ಣದ್ದು. ಕೂಪನ್ನು 5 ರೂಪಾಯಿ, 10, 20 ಎಂದು ಏರಿತು. ಒಂದೇ ಕೂಪನ್ನು ಕೊಳ್ಳುವವರಿಗೆ ಅದು ಭಾರ. ಬೆಂಗಳೂರಿನಲ್ಲಿ ಹೋಟೆಲು ನಡೆಸುವ ನಮ್ಮೂರಿನವರು ನಾಲ್ಕೈದು ಪುಸ್ತಕ ಒಟ್ಟಿಗೇ ತೆಗೆದುಕೊಳ್ಳುವಾಗ ಗುಡ್ಡ ಹತ್ತುವ ಅಗತ್ಯ ಯಾರಿಗೂ ಕಾಣಲಿಲ್ಲ. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಆಗ ಲಾಟರಿ ಅಂಗಡಿಗಳ ಸಾಲು. ಬೇರೆ ಬೇರೆ ರಾಜ್ಯಗಳ ಟಿಕೇಟುಗಳನ್ನು ಹಗ್ಗಕ್ಕೆ ನೇತುಹಾಕಿ ಕೂಗುತ್ತಿದ್ದರು. ದಿನದ ಕೂಲಿಯನ್ನು ಅಲ್ಲೇ ಸುರಿದು ಬರಿಗೈಯಲ್ಲಿ ಬಸ್ಸು ಹತ್ತಿದವರನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಹುಡುಗರೂ ಅದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಪನ್ನು ಮಾರತೊಡಗಿದರು. ಕೊಳ್ಳುವವರಿಗೆ ಮಂಡಲ ಯಾವುದು ಎಂದೇ ತಿಳಿದಿರಲಿಲ್ಲ. ಅವರು ಕೇಳುತ್ತಿದ್ದುದು ಡ್ರಾ ದಿನ ಮಾತ್ರ.

ಸರ್ಕಾರದ ಅನುಮತಿಯಿಲ್ಲದೆ ಲಾಟರಿ ನಡೆಸುವುದು ಭಾರತೀಯ ದಂಡ ಸಂಹಿತೆಯ 294ಎ ಕಲಮಿನಡಿ ಅಪರಾಧ, ಆರು ತಿಂಗಳ ತನಕ ಸೆರೆಮನೆಯಾಗಬಹುದು ಎಂದು ನಮಗೆ ಮೊದಲು ತಿಳಿಸಿದವರು ಒಬ್ಬ ಸಬ್ ಇನ್‌ಸ್ಪೆಕ್ಟರು. ಊರಿನ ಕೆಲಸಕ್ಕೆ ಎತ್ತುವ ಹಣ ಅಪರಾಧವಾಗಬಹುದು ಎಂಬುದು ನಮ್ಮ ತಲೆಗೇ ಬಂದಿರಲಿಲ್ಲ. ಮುಂದಿನ ವರ್ಷ ಕೂಪನ್ನಿನ ಮೇಲೆ 'ದೇಣಿಗೆ ಚೀಟಿ' ಎಂದು ಅಚ್ಚಾಯಿತು. ಹೆಸರು ಬದಲಾಯಿತು, ಡಬ್ಬ ಅದೇ ಇತ್ತು. ಅದು ಸರಿಯಲ್ಲ ಎಂದು ಆಗಲೇ ಅನಿಸಿದರೂ ಗಟ್ಟಿಯಾಗಿ ಹೇಳಲಿಲ್ಲ. 2007ರಲ್ಲಿ ರಾಜ್ಯದಲ್ಲಿ ಲಾಟರಿಯೇ ನಿಷೇಧವಾದಾಗ ಅಂಗಡಿಗಳ ಹಗ್ಗ ಬರಿದಾಯಿತು. ಅದರಿಂದ ಎಷ್ಟೋ ಮನೆಗಳು ಉಳಿದವು. ಈಗ ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂದಿದೆ. ಅದರ 297ನೆಯ ಕಲಮು ಹೇಳುವುದೂ ಅದನ್ನೇ.

2009ರಲ್ಲಿ ನಮ್ಮ ಮೊದಲ ಬಹುಮಾನ ಬೈಕು. ಬಂದದ್ದು ಕಲ್ಲು ಕೋರೆಯಲ್ಲಿ ಕೆಲಸ ಮಾಡುವ ಒಬ್ಬ ತರುಣನಿಗೆ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮರುವಾರ ಆಡಿಟರು ಲೆಕ್ಕ ನೋಡಿ ಹೇಳಿದರು: ಇಂಥ ಬಹುಮಾನಕ್ಕೆ 30% ಆದಾಯ ತೆರಿಗೆ, ವಸ್ತುವಿನ ರೂಪದಲ್ಲಿದ್ದರೆ ತೆರಿಗೆ ಕಟ್ಟಿಸಿದ ಮೇಲೆಯೇ ಕೈಗೆ ಕೊಡಬೇಕು. ಬೈಕಿನ ಬೆಲೆಗೆ ಅದು 12,000 ರೂಪಾಯಿಗೂ ಮೇಲೆ. ಅವನು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತು, ಪ್ಲಾಸ್ಟಿಕ್ಕು ಸುತ್ತಿಕೊಂಡೇ ಇದ್ದ ಬೈಕಿನ ಸೀಟಿನ ಮೇಲೆ ಕೈಯಿಟ್ಟು, "ಅಷ್ಟ್ ದುಡ್ ನನ್ ಹತ್ರ ಎಲ್ಲಿತ್ತ್?" ಎಂದ. ಸಾಲ ಮಾಡಿ ತೆರಿಗೆ ಕಟ್ಟಿದ. ಸಾಲ ತೀರಿಸಲು ಮಳೆಗಾಲದ ಮೊದಲೇ ಬೈಕು ಮಾರಿದ. ಲೆಕ್ಕ ನೋಡಿದರೆ ಅವನಿಗೆ ನಷ್ಟವಾಗಲಿಲ್ಲ. ಆದರೆ ಆಮೇಲೆ ಅವನು ಮಂಡಲದ ಕಾರ್ಯಕ್ರಮಕ್ಕೆ ಬರುವುದನ್ನು ಬಿಟ್ಟ. ಹಳೆಯ ಹಾಗೆ ಕುಕ್ಕರು, ಛತ್ರಿಗೆ ಹಿಂತಿರುಗೋಣ ಎಂದು ಸಭೆಯಲ್ಲಿ ಕೇಳಿಕೊಂಡೆ. ಕೈ ಎತ್ತಿದವರು ಮೂವರು.

2016ರಲ್ಲಿ ಪುಸ್ತಕಗಳು ಅಚ್ಚಾಗಿ ಬಂದ ವಾರವೇ ನೋಟು ರದ್ದಾಯಿತು. ನವೆಂಬರ್ 8ರ ರಾತ್ರಿ. 100 ರೂಪಾಯಿಯ ಕೂಪನ್ನು. ಜನರ ಕೈಯಲ್ಲಿ ಚಿಲ್ಲರೆಯೇ ಇಲ್ಲ. ಹಳೆಯ 500ರ ನೋಟು ಕೊಟ್ಟು ಐದು ಕೂಪನ್ನು ಬರೆದುಕೊಳ್ಳಿ ಎಂದವರಿದ್ದರು, ನಾವು ಮುಟ್ಟಲಿಲ್ಲ. ಆ ವರ್ಷದ ಡ್ರಾ ನಿಲ್ಲಿಸಿದೆವು. ಮತ್ತೆ ಶುರುಮಾಡಲಿಲ್ಲ.

ಈಗ ಮಂಡಲಕ್ಕೆ ವಾಟ್ಸಾಪ್ ಗುಂಪಿದೆ, ಕ್ಯೂಆರ್ ಕೋಡಿದೆ. ಬೆಂಗಳೂರು, ದುಬೈಯಲ್ಲಿರುವವರು ಕೂತಲ್ಲಿಂದಲೇ ಕಳಿಸುತ್ತಾರೆ. ಕೂಪನ್ನಿನ ಯಾವ ವರ್ಷದಲ್ಲೂ ಇಷ್ಟು ಹಣ ಕಂಡವರಲ್ಲ ನಾವು. ವಾಚನಾಲಯಕ್ಕೆ ತಾರಸಿ ಆಗಿದೆ. ಹೊಸ ಹುಡುಗರ ಲೆಕ್ಕ ನನ್ನದಕ್ಕಿಂತ ಚೊಕ್ಕ. ಆದರೆ ಹೋದ ವರ್ಷ ಹೊಳೆಬದಿಯ ಮನೆಯೊಂದರಲ್ಲಿ ಹೆಂಗಸೊಬ್ಬರು ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಬಸ್ಸಿನಲ್ಲಿ ಓಡಾಡುತ್ತ, ಎರಡು ಹಸುಗಳನ್ನೂ ಮಾರಿದ ಮೇಲೆ ಸುದ್ದಿ ನಮ್ಮ ಕಿವಿಗೆ ಬಿತ್ತು. ಮಂಡಲದ ಖಾತೆಯಲ್ಲಿ ಹಣವಿತ್ತು. ಅವರು ಗುಂಪಿನಲ್ಲಿರಲಿಲ್ಲ.

ಅದನ್ನು ಕೇಳಿದ ಮೇಲೆ ಈ ದೀಪಾವಳಿ ಕಳೆದ ವಾರ ಇಬ್ಬರು ಹುಡುಗರನ್ನು ಕರೆದುಕೊಂಡು, ಒಂದು ಉದ್ದ ನೋಟ್ ಪುಸ್ತಕ ಹಿಡಿದು, ಹಳೆಯ ದಾರಿಯಲ್ಲಿ ಹೊರಟೆ. ಸಂಕದ ಜಾಗದಲ್ಲಿ ಕಾಂಕ್ರೀಟ್ ಮೋರಿಯಾಗಿದೆ. ಗುಡ್ಡದ ಬುಡದ ಮನೆಯಲ್ಲಿ ಅಜ್ಜಿ ಈಗ ಇಲ್ಲ. ಸೊಸೆ ಹೊರಗೆ ಬಂದು, ನನ್ನ ಕೈಯ ಪುಸ್ತಕ ನೋಡಿದ್ದೇ ಒಳಗೆ ಹೋಗಿ ನೂರರ ನೋಟು ತಂದರು.

"ಬಹುಮಾನ ಎಂತ ಈ ಸಲ?"

"ಬಹುಮಾನ ಇಲ್ಲ ತಂಗೀ. ದುಡ್ಡೂ ಬ್ಯಾಡ. ಸುಮ್ನೆ ಮಾತಾಡ್ಸಿ ಹೋಪ ಅಂತ ಬಂದದ್ದ್."

ಅವರು ನೋಟನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ನನ್ನ ಪುಸ್ತಕದ ಮೇಲಿಟ್ಟು, ಜಗಲಿಯ ಮೇಲೆ ಚಾಪೆ ಹಾಸಿದರು. "ಆಯ್ತ್. ಹೆಸ್ರಾರೂ ಬರ್ಕಣಿ" ಎಂದರು.

ಯಾರ ಹೆಸರು ಎಂದು ನಾನು ಕೇಳಲಿಲ್ಲ. ಮಗನ ಹೆಸರು ಬರೆದು, ಮನೆಯ ಹೆಸರು ಸೇರಿಸಿ, ಓದಿ ಹೇಳಿದೆ.