ಹೆಸರಿಲ್ಲದವರ ಹೆಸರುಗಳು

ಅಮೆರಿಕದ ಇತಿಹಾಸವನ್ನು ಮೂಲ ದಾಖಲೆಗಳಿಂದಲೇ ಅಭ್ಯಸಿಸಲು ಹೊರಟವರಿಗೆ ಮೇಲ್ನೋಟಕ್ಕೆ ಆಕರಗಳ ಕೊರತೆಯಿಲ್ಲ. ಸ್ವಾತಂತ್ರ್ಯ ಘೋಷಣೆಯ ಹಾಗೂ ಸಂವಿಧಾನದ ಮೂಲಪ್ರತಿಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಜೆಫರ್ಸನ್, ಲಿಂಕನ್ ಮೊದಲಾದವರ ಪತ್ರಸಂಗ್ರಹಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಸುರಕ್ಷಿತವಾಗಿವೆ. ಆದರೆ ಗುಲಾಮರಾಗಿ ದುಡಿದವರ ಚರಿತ್ರೆಯನ್ನು ಬರೆಯಬೇಕಾದವರು ಎಲ್ಲಿ ಹುಡುಕಬೇಕು? ಅವರಿಗೆ ಅಕ್ಷರ ಕಲಿಸುವುದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು.

1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗಾಗಿ ಪ್ರತ್ಯೇಕ ಪಟ್ಟಿಗಳಿದ್ದವು. ಅವುಗಳಲ್ಲಿ ಒಡೆಯನ ಹೆಸರಿದೆ. ಅದರ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಮಾತ್ರ. ವಿರಳ ಅಪವಾದಗಳನ್ನು ಬಿಟ್ಟರೆ, 1860ರಲ್ಲಿ ಎಣಿಕೆಯಾದ ಸುಮಾರು 39 ಲಕ್ಷ 50 ಸಾವಿರ ಮನುಷ್ಯರಿಗೆ ಆ ಪಟ್ಟಿಗಳಲ್ಲಿ ಹೆಸರೇ ಇಲ್ಲ. ಬಿಡುಗಡೆಯ ಅನಂತರ ನಡೆದ 1870ರ ಗಣತಿ ಅವರೆಲ್ಲರ ಹೆಸರನ್ನು ಬರೆಯಿತು. ಆದರೆ ಅದು ಒಂದೇ ಮನೆಯವರ ನಡುವಣ ಸಂಬಂಧವನ್ನಾಗಲಿ ಹಿಂದಿನ ಒಡೆಯನನ್ನಾಗಲಿ ನಮೂದಿಸಲಿಲ್ಲ. ತಮ್ಮ ವಂಶವನ್ನು ಅರಸುವ ಆಫ್ರಿಕನ್ ಅಮೆರಿಕನ್ನರ ಪಾಲಿಗೆ 1870 ಒಂದು ಗೋಡೆಯಾಗಿ ನಿಲ್ಲುವುದು ಈ ಕಾರಣಕ್ಕೆ.

ಆ ಗೋಡೆಯಲ್ಲಿ ಒಂದು ಕಿಂಡಿಯನ್ನು ತೆರೆದದ್ದು ಇತಿಹಾಸಕಾರನ ಗ್ರಂಥವಲ್ಲ, ಒಂದು ಬ್ಯಾಂಕಿನ ಠೇವಣಿದಾರರ ಪುಸ್ತಕ. ವಿಮುಕ್ತರ ಉಳಿತಾಯಕ್ಕಾಗಿ 1865ರ ಮಾರ್ಚ್ 3ರಂದು ಫ್ರೀಡ್‌ಮನ್ಸ್ ಬ್ಯಾಂಕ್ ಸ್ಥಾಪನೆಗೊಂಡಿತು. ಖಾತೆ ತೆರೆಯಲು ಬಂದ ಬಹುಜನರಿಗೆ ಸಹಿ ಮಾಡಲು ಬಾರದು. ಅವರು ಹಾಕುತ್ತಿದ್ದುದು ಒಂದು ಗೀಟಿನ ಗುರುತು. ಹಣ ಹಿಂಪಡೆಯಲು ಬಂದವರು ಅವರೇ ಎಂದು ತಿಳಿಯುವುದು ಹೇಗೆ? ಅವರು ತೀರಿಕೊಂಡರೆ ವಾರಸುದಾರರು ಯಾರು? ಇದಕ್ಕಾಗಿ ಗುಮಾಸ್ತನು ಪ್ರಶ್ನೆಗಳನ್ನು ಕೇಳಿ ಬರೆದುಕೊಂಡನು: ಹುಟ್ಟಿದ ಊರು, ಬೆಳೆದ ಊರು, ಹಿಂದಿನ ಒಡೆಯ, ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು. ಮಾರಾಟದಲ್ಲಿ ಚೆದುರಿಹೋದ ಕುಟುಂಬಗಳು ಹೀಗೆ ಒಂದೊಂದು ಪುಟದಲ್ಲಿ ಕಾಗದದ ಮೇಲಾದರೂ ಮತ್ತೆ ಕೂಡಿಕೊಂಡವು.

ಬ್ಯಾಂಕು ಮಾತ್ರ ಉಳಿಯಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅಧ್ಯಕ್ಷರಾದ ಫ್ರೆಡರಿಕ್ ಡಗ್ಲಸ್ ತಮ್ಮ ಸ್ವಂತ 10,000 ಡಾಲರುಗಳನ್ನು ತೊಡಗಿಸಿಯೂ 1874ರಲ್ಲಿ ಅದು ಮುಚ್ಚಿತು. ಸಾವಿರಾರು ಬಡವರ ಗಳಿಕೆ ಮುಳುಗಿಹೋಯಿತು. ಕೂಡಿಟ್ಟ ಹಣ ಹೋಯಿತು. ಹಣದ ಭದ್ರತೆಗೆಂದು ಬರೆಸಿದ ಹೆಸರುಗಳು ಉಳಿದವು.

ಈ ಆಕರವನ್ನು ಬಳಸುವಾಗ ಎಚ್ಚರವೂ ಅಗತ್ಯ. ಬ್ಯಾಂಕಿನ ಶಾಖೆಯಿದ್ದ ಊರಿನವರು, ಅಷ್ಟಿಷ್ಟು ಉಳಿಸಬಲ್ಲವರು ಮಾತ್ರ ಇಲ್ಲಿ ಕಾಣುತ್ತಾರೆ. ಎಲ್ಲ ಶಾಖೆಗಳ ಪುಸ್ತಕಗಳೂ ದೊರೆತಿಲ್ಲ. ಗುಮಾಸ್ತನು ತನ್ನ ಕಿವಿಗೆ ಬಿದ್ದಂತೆ ಹೆಸರುಗಳನ್ನು ಬರೆದಿದ್ದಾನೆ. ಎಷ್ಟೋ ಅಂಕಣಗಳನ್ನು ಖಾಲಿ ಬಿಟ್ಟಿದ್ದಾನೆ. ಆದ್ದರಿಂದ ಇಲ್ಲಿ ಸಿಕ್ಕ ಒಡೆಯನ ಹೆಸರನ್ನು ಹಿಡಿದು ಅವನ ಮರಣಶಾಸನಕ್ಕೆ, ಆಸ್ತಿಪಟ್ಟಿಗೆ, 1860ರ ಗಣತಿಗೆ ಹಿಂದಿರುಗಿ ತಾಳೆ ನೋಡಬೇಕು. ಆಗ ಅಲ್ಲಿ ಬರಿಯ ವಯಸ್ಸಾಗಿದ್ದ ಒಂದು ಅಂಕಿಗೆ ಹೆಸರು ದಕ್ಕಬಹುದು. ದಾಖಲೆ ದೊರೆತರೆ ಸಾಲದು. ಅದನ್ನು ಯಾರು, ಯಾರಿಗಾಗಿ, ಯಾವ ಅಗತ್ಯಕ್ಕೆ ಬರೆದರು ಎಂಬುದು ತಿಳಿದಾಗಲೇ ಅದು ಆಕರವಾಗುತ್ತದೆ.

ರಾಷ್ಟ್ರೀಯ ಪತ್ರಾಗಾರದಲ್ಲಿದ್ದ ಈ ಪುಸ್ತಕಗಳಲ್ಲಿ ಒಂದು ಹೆಸರನ್ನು ಹುಡುಕುವುದು ಬಹುಕಾಲ ದುಸ್ಸಾಧ್ಯವಾಗಿತ್ತು. 2001ರಲ್ಲಿ ಸುಮಾರು 4,80,000 ಹೆಸರುಗಳ ಸೂಚಿ ಹೊರಬಂದಿತು. ಹನ್ನೊಂದು ವರ್ಷ ಕುಳಿತು ಅವನ್ನು ಓದಿ ಬರೆದವರು ಉಟಾ ರಾಜ್ಯದ ಸೆರೆಮನೆಯ ಕೈದಿಗಳು. ಬಂಧನದಿಂದ ಬಿಡುಗಡೆಗೊಂಡವರು ಬರೆಸಿದ ಹೆಸರುಗಳನ್ನು ಬಂಧನದಲ್ಲಿದ್ದವರು ಅಕ್ಷರ ಅಕ್ಷರವಾಗಿ ಬಿಡಿಸಿ ಅವರ ಸಂತತಿಗೆ ಒಪ್ಪಿಸಿದರು.