ನಿಕ್ಷೇಪವೂ ವಿಮೆಯೂ

ಪರರ ವಸ್ತುವನ್ನು ನಂಬಿಕೆಯಿಂದ ವಶಕ್ಕೆ ತೆಗೆದುಕೊಂಡು, ಕೇಳಿದಾಗ ಅದನ್ನು ಇದ್ದಂತೆಯೇ ಹಿಂದಿರುಗಿಸುವ ವ್ಯವಹಾರವನ್ನು ನಮ್ಮ ಧರ್ಮಶಾಸ್ತ್ರಕಾರರು ನಿಕ್ಷೇಪವೆಂದು ಕರೆದು, ಅದಕ್ಕೆ ಪ್ರತ್ಯೇಕವಾದ ವಿಧಿಗಳನ್ನು ಹೇಳಿರುವರು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ವಸ್ತುವು ಹೋದರೆ ಇಟ್ಟುಕೊಂಡವನು ತೆರಬೇಕಾಗಿಲ್ಲವೆಂದೂ, ಅದನ್ನು ತನ್ನ ಇಚ್ಛೆಯಂತೆ ಬಳಸಿ ಜೀವಿಸಿದರೆ ಅವನಿಗೆ ದಂಡವುಂಟೆಂದೂ ಆ ಸ್ಮೃತಿಯ ಮತ. 1872ರ ಕರಾರು ಕಾಯಿದೆಯ 151ನೆಯ ಪ್ರಕರಣವೂ, ಸಾಮಾನ್ಯ ವಿವೇಕಿಯು ತನ್ನ ವಸ್ತುವಿನಲ್ಲಿ ವಹಿಸುವಷ್ಟು ಎಚ್ಚರವನ್ನು ವಶಕ್ಕೆ ಬಂದ ಪರರ ವಸ್ತುವಿನಲ್ಲಿಯೂ ವಹಿಸತಕ್ಕದ್ದೆಂದು ವಿಧಿಸುತ್ತದೆ.

ಈಗಿನ ಗೃಹಸ್ಥರು ಮಾಡುವ ನಿಕ್ಷೇಪಗಳಲ್ಲಿ, ಕಾರನ್ನು ಸರ್ವಿಸಿಗೆ ಬಿಡುವುದು ಒಂದು. ನೆಲಮಂಗಲದಲ್ಲಿ ತುಮಕೂರಿನ ರಸ್ತೆ, ಹೊಸಕೋಟೆಯಲ್ಲಿ ಕೋಲಾರದ ರಸ್ತೆ, 2008ರಲ್ಲಿ ವಿಮಾನ ನಿಲ್ದಾಣವು ಆರಂಭವಾದಂದಿನಿಂದ ದೇವನಹಳ್ಳಿಯ ರಸ್ತೆ, ಇವುಗಳಲ್ಲಿ ಓಡಾಡುವ ಕಾರುಗಳು ಎಷ್ಟೆಂಬುದನ್ನು ವಾಚಕರು ಬಲ್ಲರು. ಬೀಗದ ಕೈಯನ್ನು ಕೊಟ್ಟು ಚೀಟಿಯೊಂದನ್ನು ಪಡೆದು ಮನೆಗೆ ಬರುತ್ತೇವೆ. ಆ ಕ್ಷಣದಿಂದ ವಾಹನದ ಹೊಣೆ ಯಾರದು?

ಕೆಲವು ತಿಂಗಳ ಹಿಂದೆ ನಮ್ಮ ಅಳಿಯಂದಿರು ದೊಡ್ಡಬಳ್ಳಾಪುರಕ್ಕೆ ಬಂದಿದ್ದಾಗ ತಮ್ಮ ಕಾರನ್ನು ಒಂದು ಷೋರೂಮಿನಲ್ಲಿ ಸರ್ವಿಸಿಗೆ ಬಿಟ್ಟರು. ಕೆಲಸ ಮುಗಿದ ಮೇಲೆ ಪರೀಕ್ಷೆಗೆಂದು ರಸ್ತೆಗೆ ಒಯ್ದ ಹುಡುಗನು ಅದನ್ನು ಮೋರಿಯ ಕಟ್ಟೆಗೆ ತಾಗಿಸಿದನು. ಯಾರಿಗೂ ಪೆಟ್ಟಾಗಲಿಲ್ಲ, ಮುಂಭಾಗ ಮಾತ್ರ ಜಜ್ಜಿಹೋಯಿತು. ಅಲ್ಲಿನ ಮ್ಯಾನೇಜರು, "ಮೇಷ್ಟ್ರೇ, ನಿಮ್ಮವರ ವಿಮೆ ಇದೆಯಲ್ಲ, ಅದರಲ್ಲಿಯೇ ಮಾಡಿಸಿಬಿಡೋಣ. ನಿಮಗೇನೂ ನಷ್ಟವಿಲ್ಲ" ಎಂದರು.

ನಷ್ಟವಿಲ್ಲವೆಂಬುದು ಸರಿಯಲ್ಲ. ಸ್ವಂತ ವಾಹನದ ಹಾನಿಗೆ ಪರಿಹಾರ ಕೇಳದೆ ವರ್ಷ ಕಳೆದವರಿಗೆ ಆ ಭಾಗದ ಕಂತಿನಲ್ಲಿ ಮೊದಲು ನೂರಕ್ಕೆ 20ರಷ್ಟು, ಸತತ ಐದು ವರ್ಷ ಕಳೆದರೆ 50ರಷ್ಟು ರಿಯಾಯಿತಿ ದೊರೆಯುತ್ತದೆ. ಒಮ್ಮೆ ಪರಿಹಾರ ಕೇಳಿದರೆ ಆ ರಿಯಾಯಿತಿ ಹೋಗುತ್ತದೆ. ಕಡ್ಡಾಯವಾಗಿ ಕೈಯಿಂದ ತೆರಬೇಕಾದ ಮೊತ್ತವೂ ಉಂಟು. ಇದಲ್ಲದೆ, ಮೋಟಾರು ವ್ಯಾಪಾರದ ಸಂಬಂಧವಾದ ಬಳಕೆಗೆ ವಿಮೆಯು ಅನ್ವಯಿಸದೆಂಬ ನಿಬಂಧನೆಯು ಖಾಸಗಿ ಕಾರುಗಳ ವಿಮಾಪತ್ರಗಳಲ್ಲಿ ಸಾಮಾನ್ಯವಾಗಿರುವುದರಿಂದ ತಕರಾರಿಗೂ ಎಡೆಯುಂಟು. 1988ರ ಮೋಟಾರು ವಾಹನ ಕಾಯಿದೆಯು ಕಡ್ಡಾಯಪಡಿಸಿರುವುದಾದರೋ ಇತರರಿಗಾಗುವ ಹಾನಿಯ ವಿಮೆಯನ್ನೇ ಹೊರತು ವಾಹನದ ಸ್ವಂತ ಹಾನಿಯ ವಿಮೆಯನ್ನಲ್ಲ.

ವರ್ತಕರು ತಮ್ಮ ವಶದಲ್ಲಿರುವ ಗಿರಾಕಿಗಳ ವಾಹನಗಳಿಗಾಗಿ ತಾವೇ ವಿಮೆಯನ್ನು ಕೊಳ್ಳುವ ವ್ಯವಸ್ಥೆ ಇದೆ. ಆವರಣದೊಳಗಿನ ಅಪಾಯ ಒಂದು ಬಗೆ, ರಸ್ತೆಯ ಮೇಲಿನ ಅಪಾಯ ಮತ್ತೊಂದು ಬಗೆ. ಒಂದಿದ್ದ ಮಾತ್ರಕ್ಕೆ ಮತ್ತೊಂದು ಇದ್ದಂತಾಗದು. ನಾನು ಬರವಣಿಗೆಯಲ್ಲಿ ಕೇಳಿದಾಗ ತಿಳಿದುದು ಇಷ್ಟು: ಆ ಷೋರೂಮಿಗೆ ಆವರಣದೊಳಗಿನ ವಿಮೆಯಿತ್ತು, ರಸ್ತೆಯದು ಇರಲಿಲ್ಲ. ಕೊನೆಗೆ ಅವರು ತಮ್ಮ ಖರ್ಚಿನಲ್ಲಿಯೇ ಕಾರನ್ನು ಸರಿಪಡಿಸಿಕೊಟ್ಟರು.

ಕಥೆ ಇಲ್ಲಿಗೆ ಮುಗಿಯಿತೆಂದು ಭಾವಿಸಿದ್ದೆವು. ಆ ಹುಡುಗನ ತಂದೆ ನಮ್ಮೂರಿನ ನೇಕಾರರು. ಖರ್ಚಿನ ಅರ್ಧವನ್ನು ಮಗನ ಸಂಬಳದಲ್ಲಿ ತಿಂಗಳು ತಿಂಗಳೂ ಹಿಡಿಯುತ್ತಿರುವರೆಂದು ಅವರಿಂದಲೇ ತಿಳಿಯಿತು. ದೂರಲಿಲ್ಲ, "ಮಾಲೀಕರು ಕೊಟ್ಟ ರೇಷ್ಮೆ ನೂಲು ನಮ್ಮ ಕೈಯಲ್ಲಿ ಹಾಳಾದರೆ ಕೂಲಿಯಲ್ಲಿ ಹಿಡಿಯುತ್ತಾರಲ್ಲ, ಮೇಷ್ಟ್ರೇ, ಇದೂ ಹಾಗೆಯೇ" ಎಂದರು. ನಾನು ಮ್ಯಾನೇಜರನ್ನು ಕಂಡು ಹೇಳಿದೆ. ಹಿಡಿಯುವ ಮೊತ್ತವನ್ನು ಕಡಿಮೆ ಮಾಡಿದರು, ಬಿಡಲಿಲ್ಲ. ಯಜಮಾನನು ವಿಮೆಯ ಕಂತನ್ನು ಉಳಿಸಿದರೆ, ನಷ್ಟವು ಮೇಲಿನಿಂದ ಕೆಳಗೆ ಜಾರುತ್ತಾ ಬಂದು ಎಲ್ಲರಿಗಿಂತ ಬಡವನಾದವನ ತಲೆಯ ಮೇಲೆ ನಿಲ್ಲುತ್ತದೆ.

"ವಾಹನದ ಹೊಣೆ ಒಡೆಯರದೇ" ಎಂದು ಚೀಟಿಯಲ್ಲಿ ಅಚ್ಚಾಗಿದ್ದರೆ ಹೆದರಬೇಕಾಗಿಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನ ಸಿಬ್ಬಂದಿಯ ವಶಕ್ಕೆ ಕೊಟ್ಟಿದ್ದ ಕಾರೊಂದು ಕಳುವಾಯಿತು. ಚೀಟಿಯಲ್ಲಿ ಅಂಥ ಒಕ್ಕಣೆಯಿದ್ದರೂ, ತಾನು ಎಚ್ಚರ ವಹಿಸಿದೆನೆಂದು ತೋರಿಸುವ ಭಾರವು ವಶಕ್ಕೆ ಪಡೆದವರದೇ ಎಂದು ಹೇಳಿ, ಸರ್ವೋಚ್ಚ ನ್ಯಾಯಾಲಯವು 2019ರ ನವೆಂಬರಿನಲ್ಲಿ ಹೋಟೆಲನ್ನೇ ಹೊಣೆಯಾಗಿಸಿತು. ಇಂಥ ತಕರಾರುಗಳನ್ನು ಎರಡು ವರ್ಷದೊಳಗಾಗಿ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಇಡಬಹುದು.

ಆದರೆ ವ್ಯಾಜ್ಯಕ್ಕಿಂತ ಮುನ್ನೆಚ್ಚರಿಕೆ ಮೇಲು. ವಾಹನವನ್ನು ಬಿಡುವಾಗ ಅದರ ನಾಲ್ಕು ಮಗ್ಗುಲನ್ನೂ, ಓಡಿದ ಕಿಲೋಮೀಟರುಗಳ ಅಂಕಿಯನ್ನೂ ಫೋಟೋ ತೆಗೆದಿಡಿರಿ. ಇದ್ದ ಗೀರುಗಳನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿರಿ. ಬಳಿಕ ಒಂದು ಪ್ರಶ್ನೆ ಕೇಳಿರಿ: "ನಿಮ್ಮ ವಶದಲ್ಲಿರುವ ಗಿರಾಕಿಗಳ ವಾಹನಗಳಿಗೆ ಒಳಗೂ ರಸ್ತೆಯಲ್ಲಿಯೂ ವಿಮೆ ಉಂಟೇ?" ಹೀಗೆ ಕೇಳುವ ಗೃಹಸ್ಥರು ಹೆಚ್ಚಿದಷ್ಟೂ ಆ ವಿಮೆಯನ್ನು ಕೊಳ್ಳುವ ವರ್ತಕರೂ ಹೆಚ್ಚುವರು, ಬೀಗದ ಕೈ ಹಿಡಿದು ದುಡಿಯುವ ಹುಡುಗರ ಸಂಬಳವೂ ಪೂರ್ಣವಾಗಿ ಮನೆ ಸೇರುವುದು.